ಕಾರ್ತಿಕನಿಗೆ ಯಾರ ತೀರ್ಪು?

ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಿತು. ಗಂಡು ಗಂಡನ್ನು ಪ್ರೀತಿಸುವ ನೋವನ್ನು ನಮ್ಮ ಭಾಷೆಯಲ್ಲಿ ಇಷ್ಟು ನೇರವಾಗಿ ಹೇಳಿದ ಧೈರ್ಯವನ್ನು ನಾವು ಗೌರವಿಸುತ್ತೇವೆ. ನಮ್ಮ ತಕರಾರು ಪುಸ್ತಕದ ಮೇಲಲ್ಲ, ಅದನ್ನು ಓದಿದ ರೀತಿಯ ಮೇಲೆ.

ಮೋಹನಸ್ವಾಮಿಯ ಜೊತೆಗಿದ್ದ ಕಾರ್ತಿಕ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಈ ಪುಸ್ತಕದ ಮಾತು ಬಂದಾಗಲೆಲ್ಲ ‘ಅವನೊಬ್ಬ ಮೋಸಗಾರ’ ಎಂಬುದೇ ನಮ್ಮ ಕಿವಿಗೆ ಬಿದ್ದಿದೆ. ಅವನನ್ನು ನಾವು ಕಾಣುವುದು ಮೋಹನಸ್ವಾಮಿಯ ಕಣ್ಣಿನಿಂದ. ನೊಂದವನ ಕಣ್ಣು ಸುಳ್ಳಲ್ಲ, ಆದರೆ ಅದಕ್ಕೆ ಎಲ್ಲವೂ ಕಾಣಬೇಕೆಂದಿಲ್ಲ. ಗಂಡನ್ನೂ ಹೆಣ್ಣನ್ನೂ ನಿಜವಾಗಿ ಪ್ರೀತಿಸಬಲ್ಲ ಮನುಷ್ಯರಿದ್ದಾರೆ. ಕಾರ್ತಿಕ ಅಂಥವನೇ ಎಂದು ನಾವು ವಾದಿಸುತ್ತಿಲ್ಲ. ಆ ಪ್ರಶ್ನೆಯೇ ಏಳಲಿಲ್ಲವಲ್ಲ ಅಂತ ನಮ್ಮ ಮಾತು.

ಅಂಥವರಿಗೆ ಕನ್ನಡದಲ್ಲಿ ನೆಟ್ಟಗೆ ಒಂದು ಹೆಸರೂ ಇಲ್ಲ. ಪತ್ರಿಕೆಗಳು ‘ದ್ವಿಲಿಂಗಿ’ ಅಂತ ಬರೆಯುತ್ತವೆ. ಶಾಲೆಯ ವಿಜ್ಞಾನ ಪಾಠದಲ್ಲಿ ದ್ವಿಲಿಂಗಿ ಅಂದರೆ ಕೇಸರವೂ ಶಲಾಕೆಯೂ ಒಂದರಲ್ಲೇ ಇರುವ ದಾಸವಾಳದಂಥ ಹೂವು. ಪ್ರೀತಿಯನ್ನು ಹೇಳಬೇಕಾದ ಪದ ಅಂಗ ಎಣಿಸುತ್ತಾ ಕೂತಿದೆ! ಅದಕ್ಕೇ ಹುಡುಗರು ‘ಬೈ’ ಅಂದ್ಕೊಂಡು ಸುಮ್ಮನಾಗ್ತಾರೆ. ಊರ ಬಾಯಿಗೆ ಮಾತ್ರ ಪದದ ಬರ ಇಲ್ಲ: ಎರಡು ದೋಣಿಗೆ ಕಾಲಿಟ್ಟವನು.

ಮನೆಯಲ್ಲಿ ಹೇಳಿದರೆ, ‘ಹುಡುಗೀನೂ ಇಷ್ಟ ಅಂತೀಯಲ್ಲ, ಮದ್ವೆ ಆಗು, ಎಲ್ಲಾ ಸರಿಹೋಗ್ತದೆ’ ಅಂತಾರೆ. ಸಲಿಂಗಿ ಗೆಳೆಯರಿಗೆ ಹೇಳಿದರೆ, ‘ನಾಳೆ ನೀನೂ ಮದ್ವೆ ಮಾಡ್ಕೊಂಡು ಹೋಗೋನೇ ಬಿಡು.’ ಇಬ್ಬರೂ ನಂಬುವುದಿಲ್ಲ. ಖಿನ್ನತೆ, ಆತಂಕ, ಸಾಯುವ ಯೋಚನೆ ಇವರಲ್ಲಿ ಸಲಿಂಗಿಗಳಿಗಿಂತಲೂ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಹೆಚ್ಚಾಗದೆ ಇನ್ನೇನು? ದಿನಾ ತಾನು ಇದ್ದೇನೆ ಎಂಬುದಕ್ಕೇ ರುಜುವಾತು ಕೊಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಜಾತಿಯ ಜೊತೆಗೇ ಲೈಂಗಿಕ ಒಲವನ್ನೂ ಹೆಸರಿಸಿ, ಚಿಕಿತ್ಸೆಯಲ್ಲಿ ಭೇದ ಕೂಡದು ಎಂದಿತು. ಒಳ್ಳೆಯದೇ. ಆದರೆ ಅಪ್ಪ ಪಕ್ಕದಲ್ಲೇ ಕೂತಿರುವಾಗ ಹುಡುಗ ಡಾಕ್ಟರ ಮುಂದೆ ಬಾಯಿ ಬಿಡುವುದು ಹೇಗೆ?

‘ಅವರಿಗೇನು, ಆಯ್ಕೆ ಇದೆ’ ಎಂಬ ಮಾತು ಇನ್ನೂ ಕೆಟ್ಟದ್ದು. ಯಾವ ಆಯ್ಕೆ? ಹೆಣ್ಣನ್ನು ಮಾತ್ರ ಪ್ರೀತಿಸುವ ಗಂಡಿಗೇ ನಮ್ಮಲ್ಲಿ ಆಯ್ಕೆ ಇಲ್ಲ, ಜಾತಿ ಮೊದಲೇ ಆರಿಸಿಟ್ಟಿರುತ್ತದೆ. ಮೀರಿದವರನ್ನು ಹೆತ್ತವರೇ ಕೊಂದ ಸುದ್ದಿ ಓದದವರು ಯಾರಿದ್ದಾರೆ? ಇನ್ನು ಗೆಳತಿಯನ್ನು ಪ್ರೀತಿಸಿದವಳು ಗಂಡನ ಮನೆ ಸೇರಿದಳೋ, ಆ ಪ್ರೀತಿ ಇತ್ತೆಂದೇ ಯಾರೂ ಒಪ್ಪುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಪ್ರೀತಿಯನ್ನು 377ನೇ ಕಲಮಿನಿಂದ ಬಿಡಿಸಿತು. 2023ರಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ಹೀಗಾಗಿ ಒಬ್ಬನೇ ಮನುಷ್ಯನ ಒಂದು ಪ್ರೀತಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪುಸ್ತಕವಿದೆ, ಇನ್ನೊಂದಕ್ಕೆ ಇಲ್ಲ.

ಇಷ್ಟನ್ನು ತಿಳಿದು ಕಾರ್ತಿಕನನ್ನು ಮತ್ತೆ ಓದಬೇಕು. ಖುಲಾಸೆ ಮಾಡಲಿಕ್ಕಲ್ಲ. ಮೋಹನಸ್ವಾಮಿಗೆ ಆದ ನೋವು ನೋವೇ, ಕೈಹಿಡಿಯುವ ಹೆಣ್ಣಿಗೂ ನ್ಯಾಯ ಬೇಕು. ಆದರೆ ಇಬ್ಬರನ್ನೂ ಪ್ರೀತಿಸುವವನು ತನ್ನ ಬಾಯಿಂದಲೇ ಹೇಳಿದ ಕತೆ ಕನ್ನಡದಲ್ಲಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ಬರೆದಿಟ್ಟವರಿದ್ದರೆ ಈ ಪತ್ರಿಕೆಗೆ ಕಳಿಸಿ. ಹೆಸರು ಹಾಕದೆಯೂ ಅಚ್ಚು ಮಾಡುತ್ತೇವೆ.