ಗಣಕಸೂಚಿಯಲ್ಲಿ ಪ್ರತಿಗಳ ಲೋಪ: ಗೊಮ್ಮಟಸಾರದ ನಿದರ್ಶನ

ಹಸ್ತಪ್ರತಿಗಳ ಅಭ್ಯಾಸದಲ್ಲಿ ಗ್ರಂಥಸೂಚಿಗೆ ಇರುವ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಎಚ್. ಡಿ. ವೇಲಣಕರ್ ಅವರ ‘ಜಿನರತ್ನಕೋಶ’ (1944), ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಇವು ಇಲ್ಲದಿದ್ದರೆ ನಮ್ಮ ಎಷ್ಟೋ ಸಂಪಾದನ ಕಾರ್ಯಗಳು ಆರಂಭವೇ ಆಗುತ್ತಿರಲಿಲ್ಲ. ಈಗಿನ ಸಂಶೋಧಕರು ಚೀಟಿಗಳಲ್ಲಿ ಬರೆದುಕೊಳ್ಳುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಾರೆ. ಗ್ರಂಥಾಲಯಗಳ ದತ್ತಸಂಚಯದಲ್ಲಿ ಒಂದು ಹೆಸರನ್ನು ಹುಡುಕಿ, ದೊರೆತ ದಾಖಲೆಗಳನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಂಡು, ಅದನ್ನು ಜೋಟೆರೋ, ಎಂಡ್‌ನೋಟ್ ಮೊದಲಾದ ಗ್ರಂಥಸೂಚಿಯ ತಂತ್ರಾಂಶಗಳಿಗೆ ಆಮದು ಮಾಡಿಕೊಳ್ಳುತ್ತಾರೆ. ನೂರು ದಾಖಲೆಗಳು ಕ್ಷಣಾರ್ಧದಲ್ಲಿ ಬಂದು ಸೇರುತ್ತವೆ. ಇದನ್ನು ನಾನು ನಿಂದಿಸುವವನಲ್ಲ. ಕೈಯಿಂದ ನಕಲು ಮಾಡಿದ ಚೀಟಿಗಳಲ್ಲಿ ಪುಟಸಂಖ್ಯೆ ತಪ್ಪಿ, ಕಟ್ಟಿನ ಸಂಖ್ಯೆ ತಪ್ಪಿ ಪಟ್ಟ ಕಷ್ಟವನ್ನು ಬಲ್ಲವನೇ ಆಗಿದ್ದೇನೆ. ಆದರೆ ಆ ಕ್ಷಣಾರ್ಧದಲ್ಲಿ ಏನು ನಡೆಯುತ್ತದೆಂಬುದು ವಿಚಾರಾರ್ಹವಾಗಿದೆ.

ಈಚೆಗೆ ಗೊಮ್ಮಟಸಾರದ ವ್ಯಾಖ್ಯಾನಗಳನ್ನು ಕುರಿತ ಒಂದು ಶೋಧಪ್ರಬಂಧವನ್ನು ಪರಿಶೀಲಿಸುವ ಸಂದರ್ಭ ಒದಗಿತು. ಅದರ ಗ್ರಂಥಸೂಚಿಯು ನೋಡುವುದಕ್ಕೆ ಬಹು ಅಚ್ಚುಕಟ್ಟಾಗಿತ್ತು. ಒಂದು ಬಿಂದು, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಆದರೆ ಅದರಲ್ಲಿ ಕೇಶವವರ್ಣಿಯ ಹೆಸರೇ ಇರಲಿಲ್ಲ. ಸಂಸ್ಕೃತದ ‘ಜೀವತತ್ತ್ವಪ್ರದೀಪಿಕೆ’ಯು ಮೂಲಗ್ರಂಥಕಾರನ ಕೃತಿಯೆಂಬಂತೆ ಕಾಣಿಸಿಕೊಂಡಿತ್ತು. ಪ್ರಬಂಧದ ಒಳಗೆ ಐದು ತಾಡಪತ್ರ ಪ್ರತಿಗಳ ಪಾಠಗಳನ್ನು ಹೋಲಿಸಿದ್ದರೂ ಸೂಚಿಯಲ್ಲಿ ಉಳಿದುದು ಒಂದೇ. ಆ ಸಂಶೋಧಕರು ಅಸಡ್ಡೆಯವರಲ್ಲ. ಕರ್ಣಾಟವೃತ್ತಿಯನ್ನು ಶ್ರದ್ಧೆಯಿಂದ ಓದಿದವರೆಂಬುದು ಪ್ರಬಂಧದ ಪ್ರತಿ ಪುಟದಲ್ಲಿಯೂ ತಿಳಿಯುತ್ತಿತ್ತು. ದೋಷವು ಸಂಭವಿಸಿದ್ದು ಆಮದಿನ ಘಟ್ಟದಲ್ಲಿ.

ದಾಖಲೆಗಳನ್ನು ಸಾಗಿಸುವುದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಆರ್‌ಐಎಸ್ ಎಂಬ ಕಡತದ ರೂಪ. ಅದರಲ್ಲಿ ಪ್ರತಿ ಸಾಲಿನ ಆದಿಯಲ್ಲಿಯೂ ಎರಡು ಅಕ್ಷರಗಳ ಸಂಕೇತವಿರುತ್ತದೆ: ಎಯು ಎಂದರೆ ಕರ್ತೃ, ಟಿಐ ಎಂದರೆ ಶೀರ್ಷಿಕೆ, ಪಿವೈ ಎಂದರೆ ಪ್ರಕಟನವರ್ಷ. ಇಆರ್ ಎಂಬಲ್ಲಿಗೆ ದಾಖಲೆ ಮುಗಿಯಿತು. ಮುದ್ರಿತ ಪುಸ್ತಕ, ಪತ್ರಿಕಾಲೇಖನಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡ ವ್ಯವಸ್ಥೆ ಇದು. ತಕ್ಕ ಸ್ಥಾನವಿಲ್ಲದ ವಿಷಯವು ಟಿಪ್ಪಣಿಯ ಮೂಲೆಗೆ ಸೇರುತ್ತದೆ, ಇಲ್ಲವೆ ಬಿದ್ದೇಹೋಗುತ್ತದೆ. ಜೋಟೆರೋದಲ್ಲಿ ಪುಸ್ತಕವೊಂದಕ್ಕೆ ಕರ್ತೃ, ಸಂಪಾದಕ, ಮಾಲಾಸಂಪಾದಕ, ಅನುವಾದಕ, ಸಹಾಯಕ ಎಂಬ ಸ್ಥಾನಗಳುಂಟು, ವೃತ್ತಿಕಾರನಿಗೆ ಸ್ಥಾನವಿಲ್ಲ. ‘ಹಸ್ತಪ್ರತಿ’ ಎಂಬ ಪ್ರಕಾರವು ಅದರಲ್ಲಿ ಪ್ರತ್ಯೇಕವಾಗಿಯೇ ಇದ್ದರೂ ಅಲ್ಲಿ ಲಿಪಿಕಾರನಿಗೆ ಸ್ಥಾನವಿಲ್ಲ.

ಈಗ ಗೊಮ್ಮಟಸಾರವನ್ನೇ ನೋಡೋಣ. ಚಾಮುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ರಚಿಸಿದ ಪ್ರಾಕೃತ ಗಾಥೆಗಳು ಮೂಲ. ಇದಕ್ಕೆ ಅಭಯಚಂದ್ರನ ‘ಮಂದಪ್ರಬೋಧಿಕೆ’ಯುಂಟು. ಕೇಶವವರ್ಣಿಯು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಆ ಕನ್ನಡ ವೃತ್ತಿಯನ್ನು ಆಧರಿಸಿ ಸಂಸ್ಕೃತದ ‘ಜೀವತತ್ತ್ವಪ್ರದೀಪಿಕೆ’ ಹುಟ್ಟಿತು. ಈ ಸಂಸ್ಕೃತ ಟೀಕೆಯು ಕೇಶವವರ್ಣಿಯದೇ ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಅದು ಅವನದಲ್ಲ, ಮೂಲಗ್ರಂಥಕಾರನಿಗಿಂತ ಶತಮಾನಗಳಷ್ಟು ಈಚಿನವನಾದ ಇನ್ನೊಬ್ಬ ನೇಮಿಚಂದ್ರನದು ಎಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ಪ್ರಮಾಣಗಳೊಡನೆ ತೋರಿಸಿಕೊಟ್ಟರು. ಉಪಾಧ್ಯೆ ಮತ್ತು ಪಂ. ಕೈಲಾಶಚಂದ್ರ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಭಾರತೀಯ ಜ್ಞಾನಪೀಠವು ಹೊರತಂದ ಆವೃತ್ತಿಯಲ್ಲಿ ಗಾಥೆ, ಕರ್ಣಾಟವೃತ್ತಿ, ಸಂಸ್ಕೃತ ಟೀಕೆ, ಹಿಂದೀ ಅನುವಾದ ಇಷ್ಟೂ ಒಟ್ಟಿಗೆ ಬಂದಿವೆ.

ಇಂತಹ ಗ್ರಂಥದ ದಾಖಲೆಯಲ್ಲಿ ಕರ್ತೃವಿನ ಸಾಲಿಗೆ ಬರುವುದು ನೇಮಿಚಂದ್ರನ ಹೆಸರು. ಕೇಶವವರ್ಣಿಯು ಶೀರ್ಷಿಕೆಯ ಬಾಲದಲ್ಲಿಯೋ ಟಿಪ್ಪಣಿಯಲ್ಲಿಯೋ ಅಡಗಿರುತ್ತಾನೆ. ಆಮದಾದ ಮೇಲೆ ಸೂಚಿಯನ್ನು ಮುದ್ರಿಸುವಾಗ ಟಿಪ್ಪಣಿ ಮುದ್ರಿತವಾಗುವುದಿಲ್ಲ, ಆದಕಾರಣ ಕನ್ನಡ ವೃತ್ತಿಕಾರನು ಅದೃಶ್ಯನಾಗುತ್ತಾನೆ. ಇನ್ನು ಸಂಸ್ಕೃತ ಟೀಕೆಯು ಬೇರೆ ದಾಖಲೆಯಾಗಿ ಬಂದು, ಅದರ ಕರ್ತೃವೂ ಬರಿಯ ‘ನೇಮಿಚಂದ್ರ’ ಎಂದೇ ಇದ್ದರೆ, ಕೆಲವು ಉಲ್ಲೇಖಪದ್ಧತಿಗಳಲ್ಲಿ ಯಂತ್ರವು ಎರಡನೆಯ ಸಲ ಹೆಸರನ್ನು ಬರೆಯುವುದೇ ಇಲ್ಲ; ಅದರ ಬದಲು ಒಂದು ಉದ್ದನೆಯ ಅಡ್ಡಗೆರೆಯನ್ನು ಎಳೆಯುತ್ತದೆ. ಮೇಲಿನವನೇ ಈತನು ಎಂದು ಆ ಗೆರೆಯ ಅರ್ಥ. ಉಪಾಧ್ಯೆಯವರು ಅಷ್ಟು ಪರಿಶ್ರಮದಿಂದ ಬೇರ್ಪಡಿಸಿದ ಇಬ್ಬರನ್ನು ಆ ಒಂದು ಗೆರೆಯು ಮತ್ತೆ ಒಬ್ಬನನ್ನಾಗಿ ಮಾಡಿತು.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ಪೂಜ್ಯಪಾದ, ದೇವನಂದಿ ಎಂಬುವು ಒಬ್ಬನ ಹೆಸರುಗಳೆಂದು ಯಂತ್ರಕ್ಕೆ ತಿಳಿಯದು. ಉಮಾಸ್ವಾತಿ, ಉಮಾಸ್ವಾಮಿ, ಗೃಧ್ರಪಿಂಛ ಎಂಬುವು ಮೂವರಾಗಿ ನಿಲ್ಲುತ್ತವೆ. ರೋಮನ್ ಲಿಪ್ಯಂತರದಲ್ಲಿ ಒಂದು ಗ್ರಂಥಾಲಯವು ‘ಚ’ಕಾರಕ್ಕೆ ಒಂದಕ್ಷರವನ್ನೂ ಇನ್ನೊಂದು ಎರಡಕ್ಷರಗಳನ್ನೂ ಬಳಸಿದರೆ ಒಬ್ಬ ಪ್ರಭಾಚಂದ್ರನೇ ಇಬ್ಬರಾಗುತ್ತಾನೆ. ಹೆಸರಿನ ನಡುವೆ ಅಲ್ಪವಿರಾಮವಿಲ್ಲದಿದ್ದರೆ ಎಂಡ್‌ನೋಟ್ ಕಡೆಯ ಪದವನ್ನು ಕುಲನಾಮವೆಂದು ಗ್ರಹಿಸುವುದರಿಂದ ‘ಸಿದ್ಧಾಂತಚಕ್ರವರ್ತಿ’ ಎಂಬ ಬಿರುದು ಮನೆತನದ ಹೆಸರಾಗಿ ಸಕಾರದ ಸಾಲಿಗೆ ಹೋಗುತ್ತದೆ. ವರ್ಷದ ವಿಷಯವೂ ಹೀಗೆಯೇ. ಶಕ 1281 ಎಂಬುದನ್ನು ವರ್ಷದ ಸ್ಥಾನದಲ್ಲಿ ಹಾಗೆಯೇ ಬರೆದರೆ ಕೇಶವವರ್ಣಿಯು 78 ವರ್ಷ ಹಿಂದಕ್ಕೆ ಸರಿಯುತ್ತಾನೆ. ವೀರನಿರ್ವಾಣ ಸಂವತ್ 2500 ಎಂದರೆ ಕ್ರಿ.ಶ. 1973-74, ಆ ಸಂವತ್ತು ಮಾತ್ರವೇ ಇರುವ ಮುದ್ರಿತ ಪುಸ್ತಕವು ಕಾಲಾನುಕ್ರಮದಲ್ಲಿ ಇನ್ನೂ ಹುಟ್ಟದ ಗ್ರಂಥಗಳ ಸಾಲಿನಲ್ಲಿ ಕುಳಿತಿರುತ್ತದೆ.

ಇವೆಲ್ಲವೂ ಸೂಕ್ಷ್ಮವಾಗಿ ಓದುವವರ ಕಣ್ಣಿಗೆ ಬೀಳುವ ದೋಷಗಳು. ಪ್ರತಿಗಳ ಲೋಪವು ಹಾಗಲ್ಲ. ಜೋಟೆರೋ ತಂತ್ರಾಂಶವು ಶೀರ್ಷಿಕೆ ಮೊದಲಾದವನ್ನು ಹೋಲಿಸಿ, ಒಂದೇ ಎಂದು ತೋರಿದ ದಾಖಲೆಗಳನ್ನು ಪ್ರತ್ಯೇಕವಾಗಿ ತೋರಿಸಿ, ಅವನ್ನು ಕೂಡಿಸಲು ಅವಕಾಶ ಕೊಡುತ್ತದೆ. ವರ್ಷ, ಕರ್ತೃಗಳನ್ನೂ ಅದು ನೋಡುತ್ತದೆ. ಆದರೆ ಅವು ಇಲ್ಲದಿರುವುದೇ ನಮ್ಮ ಓಲೆಕಟ್ಟುಗಳ ಸ್ಥಿತಿ. ‘ಗೊಮ್ಮಟಸಾರ’ ಎಂಬ ಶೀರ್ಷಿಕೆಯಲ್ಲಿ ಕಾಲವಿಲ್ಲದ ಐದು ಕಟ್ಟುಗಳಿದ್ದರೆ ಐದೂ ಒಂದೇ ಎಂದು ಕಾಣುತ್ತವೆ. ಕೂಡಿಸಿದಾಗ ಒಂದರ ಭಂಡಾರದ ಹೆಸರು, ಸಂಖ್ಯೆ ಉಳಿದು ಮಿಕ್ಕ ನಾಲ್ಕು ಕಸದ ಬುಟ್ಟಿಗೆ ಹೋಗುತ್ತವೆ. ಬಳಸುವವನು ವ್ಯವಸ್ಥೆಯನ್ನು ಬದಲಿಸದಿದ್ದರೆ 30 ದಿನಗಳ ತರುವಾಯ ಅವು ಅಲ್ಲಿಯೂ ಇರುವುದಿಲ್ಲ. ನಾನೂ ಒಮ್ಮೆ ಸೂಚಿಯನ್ನು ಶುದ್ಧಗೊಳಿಸುವ ಉತ್ಸಾಹದಲ್ಲಿ ಎರಡು ಪ್ರತಿಗಳನ್ನು ಹೀಗೆ ಕೂಡಿಸಿಬಿಟ್ಟು, ಪಾಠಾಂತರದ ಸಂಕೇತಕ್ಕೆ ಪ್ರತಿಯೇ ಸಿಕ್ಕದೆ ಎರಡು ದಿನ ತೊಳಲಿದ್ದೇನೆ.

ಮುದ್ರಿತ ಪುಸ್ತಕದ ಎರಡು ದಾಖಲೆಗಳು ಒಂದಾದರೆ ಹಾನಿಯಿಲ್ಲ. ಪ್ರತಿಗಳಾದರೋ ಒಂದೊಂದೂ ಒಂದೊಂದು ಸಾಕ್ಷಿ. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವನ್ನು ಕುರಿತು ನಡೆದ ವಾದವನ್ನು ವಿದ್ವಾಂಸರು ಮರೆತಿರಲಾರರು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಹೊರಬಂದಾಗ ಆಧಾರವಾಗಿದ್ದ ಪ್ರತಿಲಿಪಿಗಳಲ್ಲಿ ಆ ಪದವಿರಲಿಲ್ಲ. ಇರಬೇಕೆಂದು ಸಂಪಾದಕರು ಸೂಚಿಸಿದರು. ಅನಂತರ ಮೂಡಬಿದಿರೆಯ ಓಲೆಗಳನ್ನು ನೋಡಿದಾಗ ಅಲ್ಲಿ ಆ ಪದ ದೊರೆಯಿತು. ಒಂದು ಪದದ ಇರವು ಇಲ್ಲದಿರವುಗಳಿಂದ ಸಿದ್ಧಾಂತದ ಎಷ್ಟು ದೊಡ್ಡ ಪ್ರಶ್ನೆ ಎದ್ದಿತೆಂಬುದು ತಿಳಿದ ವಿಷಯ. ಮೂಲ ಓಲೆ, ಅದರಿಂದಾದ ಪ್ರತಿಲಿಪಿ ಇವೆರಡಕ್ಕೂ ಶೀರ್ಷಿಕೆ ಒಂದೇ. ಯಂತ್ರದ ದೃಷ್ಟಿಯಲ್ಲಿ ಅವು ಕೂಡಿಸಬೇಕಾದವು, ಪಾಠಶೋಧನೆಯ ದೃಷ್ಟಿಯಲ್ಲಿ ಎಂದಿಗೂ ಕೂಡಿಸಬಾರದವು.

ಇದು ಹುಡುಗರ ಕೆಲಸವೆಂದು ನಮ್ಮಲ್ಲಿ ಕೆಲವು ಪಂಡಿತರು ಉಪೇಕ್ಷಿಸುವುದು ನನಗೆ ಸರಿಕಾಣದು. ಇಬ್ಬರು ನೇಮಿಚಂದ್ರರುಂಟೆಂದು ಬಲ್ಲವರು ಸೂಚಿಯತ್ತ ಕಣ್ಣು ಹಾಯಿಸದೆ ಇನ್ನಾರು ಹಾಯಿಸಬೇಕು? ಮಾಡಬೇಕಾದುದು ಬಹಳವೇನೂ ಅಲ್ಲ. ದತ್ತಸಂಚಯದಿಂದ ಇಳಿಸಿದ ಮೂಲ ಕಡತವನ್ನು ತಿದ್ದದೆ ಬೇರೆ ಇಟ್ಟುಕೊಳ್ಳಬೇಕು. ಆಚಾರ್ಯರ ಹೆಸರನ್ನು ಜೋಟೆರೋದಲ್ಲಿ ಎರಡು ಭಾಗ ಮಾಡದೆ ಒಂದೇ ಸ್ಥಾನದಲ್ಲಿ ಬರೆಯಲು ಅನುಕೂಲವಿದೆ. ಎಂಡ್‌ನೋಟ್‌ನಲ್ಲಿ ಪೂರ್ಣ ಹೆಸರಿನ ಕೊನೆಗೆ ಅಲ್ಪವಿರಾಮ ಹಾಕಿದರೆ ಸಾಕು. ವೃತ್ತಿಗೆ ಪ್ರತ್ಯೇಕ ದಾಖಲೆಯನ್ನೇ ಮಾಡಿ ವೃತ್ತಿಕಾರನನ್ನು ಕರ್ತೃವೆಂದು ಬರೆಯುವುದು ಲೇಸು. ಪ್ರತಿಗಳ ಶೀರ್ಷಿಕೆಯಲ್ಲಿಯೇ ಭಂಡಾರದ ಹೆಸರನ್ನೂ ಕಟ್ಟಿನ ಸಂಖ್ಯೆಯನ್ನೂ ಸೇರಿಸಿಬಿಟ್ಟರೆ ಶೀರ್ಷಿಕೆಗಳು ಬೇರೆಯಾಗಿ, ಅವು ಒಂದೇ ಎಂಬ ಭ್ರಾಂತಿಗೆ ಎಡೆಯಿರುವುದಿಲ್ಲ. ಸೂಚಿಯ ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ.

ಮೇಲೆ ಹೇಳಿದ ಪ್ರಬಂಧದ ಸೂಚಿಯನ್ನು ಆ ಸಂಶೋಧಕರು ಈ ರೀತಿಯಲ್ಲಿ ತಿದ್ದಿದ್ದಾರೆ. ಕೇಶವವರ್ಣಿಗೆ ಸ್ಥಾನ ದೊರೆತಿದೆ. ಎರಡನೆಯ ನೇಮಿಚಂದ್ರನ ಮುಂದೆ ‘ಟೀಕಾಕಾರ’ ಎಂದು ಸೇರಿಸಿದ್ದಾರೆ. ಐದು ಪ್ರತಿಗಳಲ್ಲಿ ನಾಲ್ಕರ ವಿವರಗಳು ಅವರ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ದೊರೆತವು. ಐದನೆಯದರ ಕಟ್ಟಿನ ಸಂಖ್ಯೆಯನ್ನು ಎಲ್ಲಿಯೂ ಬರೆದುಕೊಂಡಿರಲಿಲ್ಲವಾದ್ದರಿಂದ ಅವರು ಮತ್ತೊಮ್ಮೆ ಭಂಡಾರಕ್ಕೆ ಹೋಗಿ ಓಲೆಗಳನ್ನು ಬಿಚ್ಚಿಸಿ ನೋಡಿಬರಬೇಕಾಯಿತು.