ಬರ್ಮಿಂಗ್‌ಹ್ಯಾಂನಲ್ಲಿ ಬರೆದ ಹಸಿವು

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ಊರಿನ ಊಟದ ಬಗ್ಗೆ ಬರೆಯುವ ಪ್ರಬಂಧಕ್ಕೆ ಈಗ ಒಂದು ಸಿದ್ಧ ಅಚ್ಚಿದೆ. ಕಿಟಕಿಯಾಚೆ ಹಿಮ, ಫ್ರಿಜ್ಜಿನಲ್ಲಿ ಒಣಗಿದ ಬ್ರೆಡ್ಡು, ಇಂಡಿಯನ್ ಸ್ಟೋರಿನಲ್ಲಿ ಸಿಕ್ಕ ರಾಗಿಹಿಟ್ಟು, ಗಂಟುಗಂಟಾದ ಮೊದಲ ಮುದ್ದೆ, ಕೊನೆಗೆ ಅಮ್ಮನ ಕೈರುಚಿ. ಹೋದ ವರ್ಷ ನನ್ನ ಅಣ್ಣನೂ ಅಲ್ಲಿಯ ಕನ್ನಡ ಕೂಟದ ಸಂಚಿಕೆಗೆ ಇಂಥದ್ದೊಂದನ್ನು ಬರೆದ. ಚೆನ್ನಾಗಿಯೇ ಬರೆದಿದ್ದಾನೆ. ಅಮ್ಮನಿಗೆ ನಾನೇ ಓದಿ ಹೇಳಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ಮುದ್ದೆ ನನ್ನದಲ್ವಲ್ಲೇ, ಅದು ನಿಮ್ಮಜ್ಜಿದು" ಅಂದಳು.

ಅಮ್ಮ ತರೀಕೆರೆ ಕಡೆಯ ತೋಟದ ಸೀಮೆಯವಳು. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ. ಮದುವೆಯಾಗಿ ಬಂದದ್ದು ಕಡೂರಿನ ಬಯಲಿಗೆ, ಎರಡು ಹೊತ್ತೂ ಮುದ್ದೆ ತಿರುವುವ ಮನೆಗೆ. ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂಕಾಲು ಗಂಟೆಯ ದಾರಿ. ಅಜ್ಜಂಪುರದಿಂದ ಬಂದಿದ್ದ ಅಜ್ಜಿಯ ಕೈಯಲ್ಲಿ ಮುದ್ದೆ ಕೋಲು. ಹೊಸ ಸೊಸೆ ಮುದ್ದೆಯನ್ನು ನುಂಗದೆ ಅಗಿಯುತ್ತಿದ್ದಾಳೆಂದು ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕಿದ್ದರಂತೆ. ಪರಸ್ಥಳದ ಊಟಕ್ಕೆ ಒಗ್ಗಿಕೊಂಡ ಕತೆ ನಮ್ಮ ಮನೆಯಲ್ಲಿ ಮೊದಲು ನಡೆದದ್ದು ಜರ್ಮನಿಯಲ್ಲಲ್ಲ. ಅಣ್ಣನ ಪ್ರಬಂಧದಲ್ಲಿ ಅಮ್ಮ ಎಂಟು ಕಡೆ ಬರುತ್ತಾಳೆ, ಎಂಟರಲ್ಲೂ ಬಡಿಸುತ್ತಾಳೆ. ಅವಳಿಗೆ ಏನು ಇಷ್ಟವಿತ್ತು ಎಂಬುದು ಒಂದು ಕಡೆಯೂ ಇಲ್ಲ.

ಇದು ಅವನೊಬ್ಬನ ತಪ್ಪಲ್ಲ, ಈ ಪ್ರಕಾರದ್ದೇ ಕೊರತೆ. ನಾಲಿಗೆಯ ನೆನಪು ಮಾತ್ರ ವಿಮಾನ ಹತ್ತುತ್ತದೆ. ಅಡುಗೆಮನೆಯ ಹೊಗೆ, ಬೈಗುಳ, ಯಾರು ಮೊದಲು ಉಣ್ಣಬೇಕು, ಯಾರು ಹೊಸ್ತಿಲು ದಾಟಬಾರದು ಎಂಬ ಕಟ್ಟುಗಳು ಇಲ್ಲೇ ಉಳಿಯುತ್ತವೆ.

ಆದರೆ ಕನ್ನಡದಲ್ಲಿ ಹೊರದೇಶದಲ್ಲಿ ಕೂತು ಬರೆದ ಅತ್ಯಂತ ಪ್ರಸಿದ್ಧ ಪುಸ್ತಕ ಹೀಗಿಲ್ಲ. ಯು.ಆರ್. ಅನಂತಮೂರ್ತಿ 'ಸಂಸ್ಕಾರ'ವನ್ನು ಬರೆದದ್ದು 1965ರಲ್ಲಿ, ಬರ್ಮಿಂಗ್‌ಹ್ಯಾಂನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ. ಅದನ್ನು ನಾವು ಧರ್ಮಸಂಕಟದ ಕಾದಂಬರಿ ಎಂದು ಪಾಠ ಹೇಳಿಸಿಕೊಂಡಿದ್ದೇವೆ. ಈ ಸಲ ಅದನ್ನು ಊಟದ ಕಾದಂಬರಿಯಾಗಿ ಓದಿದೆ. ನಾರಣಪ್ಪನ ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಶಾಸ್ತ್ರದ ಚರ್ಚೆಯನ್ನು ಮುಂದಕ್ಕೆ ತಳ್ಳುವುದು ಹೊಟ್ಟೆ. ಹಸಿವು ತಡೆಯಲಾರದ ದಾಸಾಚಾರ್ಯ ಗುಟ್ಟಾಗಿ ಪಾರಿಜಾತಪುರದ ಸ್ಮಾರ್ತರ ಮನೆಗೆ ಹೋಗಿ ಉಪ್ಪಿಟ್ಟಿಗೆ ಸೋಲುತ್ತಾನೆ. ಪ್ರಾಣೇಶಾಚಾರ್ಯ ಮೊದಲ ಪುಟದಲ್ಲೇ ರೋಗಿಷ್ಠ ಹೆಂಡತಿಗೆ ಗಂಜಿ ಕುಡಿಸುವ ಗಂಡಸು. ಕಾಡಿನಲ್ಲಿ ಅವನಿಗೆ ಚಂದ್ರಿ ಮಡಿಲಿನ ಬಾಳೆಹಣ್ಣು ಕೊಡುತ್ತಾಳೆ. ಮೇಳಿಗೆಯ ತೇರಿನ ದಿನ ಸೂತಕದಲ್ಲೇ ಅವನು ಪಂಕ್ತಿಯಲ್ಲಿ ಕೂರುತ್ತಾನೆ. ಪ್ರತಿ ತುತ್ತಿಗೂ ಕೊಟ್ಟವರಿದ್ದಾರೆ, ಕೊಡಬಾರದೆಂದವರೂ ಇದ್ದಾರೆ. ತೀರ್ಥಹಳ್ಳಿ ಸೀಮೆಯ ರುಚಿಗಳನ್ನು ಇಂಗ್ಲೆಂಡಿನ ಚಳಿಯಲ್ಲಿ ಹಂಬಲಿಸುವುದು ಸುಲಭವಿತ್ತು. ಅನಂತಮೂರ್ತಿಯವರು ದೂರವನ್ನು ಬಳಸಿಕೊಂಡದ್ದು ಬೇರೆ ಕೆಲಸಕ್ಕೆ. ಪಂಕ್ತಿಯ ಮಧ್ಯೆ ಕೂತವನಿಗೆ ಪಂಕ್ತಿ ಪೂರ್ತಿ ಕಾಣುವುದಿಲ್ಲ.

ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿದ್ದವರು. ಅವರ 'ಅಣ್ಣಯ್ಯನ ಮಾನವಶಾಸ್ತ್ರ' ಕತೆ ಇನ್ನೂ ಕಠೋರ. ಮೈಸೂರಿನಿಂದ ಹೋದ ಅಣ್ಣಯ್ಯನಿಗೆ ತನ್ನ ಸಂಪ್ರದಾಯದ ಮೇಲೆ ಅಕ್ಕರೆ ಹುಟ್ಟುವುದು ಅಮೆರಿಕದಲ್ಲಿ. ಅಲ್ಲಿಯ ವಿದ್ವಾಂಸನೊಬ್ಬ ಹಿಂದೂ ಆಚರಣೆಗಳ ಬಗ್ಗೆ ಬರೆದ ಪುಸ್ತಕವನ್ನು ಆಸೆಯಿಂದ ಓದುತ್ತ ಹೋದವನಿಗೆ ಅದರ ಫೋಟೋಗಳಲ್ಲಿ ತನ್ನ ಮನೆಯೇ ಸಿಗುತ್ತದೆ. ಯಾರೂ ತಿಳಿಸದ ಅಪ್ಪನ ಸಾವು ಸಿಗುತ್ತದೆ. ತಲೆ ಬೋಳಿಸಿಕೊಂಡು ಕೂತ ಅಮ್ಮ ಸಿಗುತ್ತಾಳೆ. ಊರನ್ನು ಪ್ರೀತಿಸಲು ಕಲಿತ ಅದೇ ಪುಸ್ತಕ ಅವನಿಗೆ ಊರು ಅಮ್ಮನಿಗೆ ಮಾಡಿದ್ದನ್ನೂ ತೋರಿಸುತ್ತದೆ. ನನ್ನ ತಕರಾರು ಒಂದಿದೆ: ಅಲ್ಲಿಯೂ ಅಮ್ಮ ಫೋಟೋ ಮಾತ್ರ, ಅವಳ ಮಾತಿಲ್ಲ. ಆದರೂ ಕತೆ ಆ ಮೌನವನ್ನು ಕೈರುಚಿ ಎಂದು ಕರೆದು ಮುಚ್ಚುವುದಿಲ್ಲ.

ನಮ್ಮ ಹೊಸ ಪ್ರಬಂಧಕಾರರಿಂದ ನಾನು ಬಯಸುವುದು ಇಷ್ಟು ದೊಡ್ಡದನ್ನೇನಲ್ಲ. ಮುದ್ದೆ ಗಂಟಾದದ್ದನ್ನು ಬರೆಯಲಿ, ಅದು ನಿಜವಾದ ಕಷ್ಟವೇ. ಮೂವತ್ತು ವರ್ಷ ಒಂದು ದಿನವೂ ಮುದ್ದೆ ಕೋಲು ಮುಟ್ಟದೆ ಬೆಳೆದದ್ದು ಹೇಗೆ ಸಾಧ್ಯವಾಯಿತು ಎಂಬ ಒಂದು ಪ್ಯಾರಾ ಅದರ ಪಕ್ಕದಲ್ಲಿರಲಿ. ನನ್ನ ಮುದ್ದೆ ಗಂಟಾಗುವುದಿಲ್ಲ. ಅದಕ್ಕೆ ಪ್ರತಿಭೆ ಕಾರಣವಲ್ಲ, ಹನ್ನೆರಡನೇ ವಯಸ್ಸಿಗೆ ನನ್ನನ್ನು ಒಲೆ ಮುಂದೆ ಕೂರಿಸಿದ್ದು ಕಾರಣ. ಆಗ ಅಣ್ಣ ಟ್ಯೂಷನ್ನಿಗೆ ಹೋಗಿರುತ್ತಿದ್ದ.

ರಾಮಾನುಜನ್ ಕತೆಯನ್ನು ಅವನಿಗೆ ಕಳಿಸಿದ್ದೆ. "ಕತೆ ಜೋರಾಗಿದೆ, ಇದಕ್ಕೂ ನನ್ನ ಮುದ್ದೆಗೂ ಏನೇ ಸಂಬಂಧ?" ಎಂದು ಬರೆದ. ಉತ್ತರ ಬರೆಯಲು ಕೂತಾಗ ಹೊಳೆಯಿತು, ತರೀಕೆರೆಯ ಆ ರೊಟ್ಟಿಗೆ ಏನು ನೆಂಚಿಕೊಳ್ಳುತ್ತಿದ್ದರು ಎಂದು ಅಮ್ಮನನ್ನು ನಾನೂ ಕೇಳಿಲ್ಲ.