ಒಂಟಿ ಟ್ರೋಜನ್

ಆಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಅವುಗಳ ಮುಂದಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ಸಂತೆ ಕೂಡುತ್ತದೆ. ನಾನು ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದು ಮೂವತ್ತೈದು ವರ್ಷವಾಯಿತು. ಊರಿಗೆ ಹೋಗದ ಭಾನುವಾರಗಳಲ್ಲಿ ಇಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಬಿಡ್ಡು ಅವರ ಆತ್ಮಕಥೆ ಸಿಕ್ಕಿದ್ದು ಹಾಗೇ, ಎಂಟ್ರೆನ್ಸ್ ಗೈಡುಗಳ ರಾಶಿಯ ಅಡಿಯಲ್ಲಿ. ಇಂಗ್ಲಿಷ್ ಪುಸ್ತಕ, ಹೆಸರು 'ಮೇಡ್ ಇನ್ ಇಂಡಿಯಾ', 2010ರಲ್ಲಿ ಬಂದದ್ದು. ಚೌಕಾಸಿ ಮಾಡದೆ ಕೊಂಡೆ. ಅದು ನನ್ನ ಸ್ವಭಾವವಲ್ಲ.

ಬಿಡ್ಡು ಯಾರು ಅನ್ನುವವರಿಗೆ ಹಾಡು ಹೇಳಿದರೆ ಸಾಕು. 1974ರಲ್ಲಿ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಪಟ್ಟಿಯ ತುದಿಗೇರಿದ 'ಕುಂಗ್ ಫೂ ಫೈಟಿಂಗ್' ಅವರು ಮಾಡಿಸಿದ್ದು. 1980ರ 'ಕುರ್ಬಾನಿ'ಯ 'ಆಪ್ ಜೈಸಾ ಕೋಯಿ' ಅವರದು. 1995ರಲ್ಲಿ ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ'ವೂ ಅವರದೇ. ಬಿಡ್ಡು ಅಪ್ಪಯ್ಯ ಕೊಡವರ ಹುಡುಗ, ಬೆಂಗಳೂರಲ್ಲಿ ಬೆಳೆದವರು. ಹತ್ತೊಂಬತ್ತುನೂರ ಅರವತ್ತರ ದಶಕದಲ್ಲಿ ಗೆಳೆಯರನ್ನು ಸೇರಿಸಿ 'ಟ್ರೋಜನ್ಸ್' ಅಂತ ಒಂದು ಬ್ಯಾಂಡ್ ಕಟ್ಟಿದ್ದರು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಹಾಡುಗಳನ್ನು ಬೆಂಗಳೂರಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಮುಂದೆ ಕಲ್ಕತ್ತೆಯ ಟ್ರಿಂಕಾಸ್, ಆಮೇಲೆ ಬೊಂಬಾಯಿ, 1967ರಲ್ಲಿ ಲಂಡನ್.

ನನಗೆ ಆಸಕ್ತಿ ಇರುವುದು ಲಂಡನ್ನಿನಲ್ಲಲ್ಲ, ಆ ಟ್ರೋಜನ್ಸಿನಲ್ಲಿ. ಭಾರತದಲ್ಲಿ ಇಂಗ್ಲಿಷಿನಲ್ಲಿ ಹಾಡಿದ ಮೊದಲ ಬ್ಯಾಂಡು ಅದೇ ಅನ್ನುವ ಮಾತು ಅಲ್ಲಲ್ಲಿ ಕಾಣುತ್ತದೆ. ಇದನ್ನು ಸ್ವಲ್ಪ ಉಪ್ಪು ಖಾರ ತೆಗೆದೇ ನುಂಗಬೇಕು. ಬೆಂಗಳೂರು ದಂಡಿನಲ್ಲಿ ಆಂಗ್ಲೋ ಇಂಡಿಯನ್ನರ ಡಾನ್ಸ್ ಬ್ಯಾಂಡುಗಳು ಎಷ್ಟೋ ಹಿಂದಿನಿಂದ ಇದ್ದವು. ಹೊಸದಾಗಿದ್ದದ್ದು ಭಾಷೆಯಲ್ಲ, ವಯಸ್ಸು. ಕೋಟು ತೊಟ್ಟ ವಾದ್ಯಗಾರರ ಜಾಗದಲ್ಲಿ, ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗರು ಗಿಟಾರು ಹಿಡಿದು ನಿಂತರು. ಇಂಥ ಸಂಗೀತಕ್ಕೆ ಅಮೆರಿಕದಲ್ಲಿ 'ಗ್ಯಾರೇಜ್ ರಾಕ್' ಅಂತ ಹೆಸರು. ಮನೆಯ ಕಾರ್ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದರಲ್ಲ, ಅದಕ್ಕೆ. ನಮ್ಮೂರಲ್ಲಿ ಗ್ಯಾರೇಜು ಅಂದರೆ ಲಾರಿ ರಿಪೇರಿ.

ನಕಲು ಹಾಡುವ ಬ್ಯಾಂಡೆಂದರೆ ನಮ್ಮ ವಿಮರ್ಶಕರಿಗೆ ಒಂದು ಬಗೆಯ ತಾತ್ಸಾರ. ನನಗೆ ಹಾಗನ್ನಿಸುವುದಿಲ್ಲ. ಬಿಡ್ಡು ಹಾಡು ಕೇಳಿದ್ದು ರೇಡಿಯೋ ಸಿಲೋನಿನಲ್ಲಿ. ಶಾರ್ಟ್‌ವೇವ್ ಕೇಳಿದವರಿಗೆ ಗೊತ್ತು: ದನಿ ಬರುತ್ತದೆ, ಹೋಗುತ್ತದೆ, ನಡುವೆ ಗೊರಗೊರ. ಹಾಗೆ ಹಾಡು ಕಲಿಯುವ ಹುಡುಗ ಕೇಳಿದ್ದನ್ನು ನೆನಪಿಟ್ಟರೆ ಸಾಲದು, ಕೇಳದೆ ಹೋದದ್ದನ್ನು ಊಹಿಸಿ ತುಂಬಬೇಕು. 'ಕುಂಗ್ ಫೂ ಫೈಟಿಂಗ್' ಹುಟ್ಟಿದ ಬಗೆ ನೋಡಿ. ಅದು ಬೇರೊಂದು ಹಾಡಿನ ತಟ್ಟೆಯ ಹಿಂಬದಿಗೆಂದು ಸ್ಟುಡಿಯೋದ ಕೊನೆಯ ಹತ್ತು ನಿಮಿಷದಲ್ಲಿ ಮುಗಿಸಿದ್ದು. ಹಾಡಿದ ಕಾರ್ಲ್ ಡಗ್ಲಾಸ್ ಜಮೈಕಾದಲ್ಲಿ ಹುಟ್ಟಿದವರು, ಮಾಡಿಸಿದವರು ಬೆಂಗಳೂರಿನವರು, ಜಾಗ ಲಂಡನ್, ಹಾಡಿನ ಮೊದಲಲ್ಲಿ ಬರುವ ಆ ಚೀನಾ ಮಾತ್ರ ಯಾವ ಭೂಪಟದಲ್ಲೂ ಇಲ್ಲ. ದೂರದ ಊರಿನ ಸದ್ದನ್ನು ಅಂದಾಜಿನ ಮೇಲೆ ಕಟ್ಟುವ ಕಸುಬು ಅದು. ಅದನ್ನು ಅವರು ಕಲಿತದ್ದು ಬೆಂಗಳೂರಿನ ರೇಡಿಯೋ ಮುಂದೆ, ಕೆಲಸಕ್ಕೆ ಬಂದದ್ದು ಲಂಡನ್ನಿನಲ್ಲಿ.

'ಮೇಡ್ ಇನ್ ಇಂಡಿಯಾ' ಹಾಡಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ಊರು ಬಿಟ್ಟು ಇಪ್ಪತ್ತೆಂಟು ವರ್ಷವಾದವರು ಮಾಡಿದ ಹಾಡು ಅದು, ಮತ್ತದು ಕೇಳಿದ ಕೂಡಲೆ ತಿಳಿಯುತ್ತದೆ. 'ಇಲ್ಲಿ ತಯಾರಾದದ್ದು' ಅನ್ನುವ ಚೀಟಿ ಬೇಕಾಗುವುದು ರಫ್ತಾಗುವ ಡಬ್ಬಿಗೆ. ಮನೆಯಲ್ಲಿ ಮಾಡಿದ ರೊಟ್ಟಿಗೆ ಯಾರೂ ಚೀಟಿ ಅಂಟಿಸುವುದಿಲ್ಲ. ಆದರೆ ಇದನ್ನು ಬರೆಯುತ್ತಾ ನನಗೇ ನಗು ಬಂತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ರಾಜ್ಯೋತ್ಸವಕ್ಕೆಂದು ಹೋಗುವಾಗ ನಾನು ಹಾಕಿಕೊಳ್ಳುವ ಹಳದಿ ಕೆಂಪು ಶಾಲನ್ನು ರಾಯಚೂರಿನಲ್ಲಿದ್ದಾಗ ಒಂದು ದಿನವೂ ಹಾಕಿದವನಲ್ಲ.

ಪುಸ್ತಕಕ್ಕೆ ಬರುತ್ತೇನೆ. ಹರಟೆಯ ಧಾಟಿ ಇದೆ, ಓದಿಸಿಕೊಂಡು ಹೋಗುತ್ತದೆ, ತನ್ನನ್ನೇ ಲೇವಡಿ ಮಾಡಿಕೊಳ್ಳುವ ಗುಣ ಇಷ್ಟವಾಗುತ್ತದೆ. ಲಂಡನ್ನಿಗೆ ಹೋದ ಹೊಸದರಲ್ಲಿ ಹೊಟ್ಟೆಪಾಡಿಗೆ ಅಮೆರಿಕದ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ದುಡಿದು, ಆ ದುಡ್ಡಿನಲ್ಲಿ ಸ್ಟುಡಿಯೋ ಬಾಡಿಗೆ ಕಟ್ಟಿದವರ ಬಗ್ಗೆ ಗೌರವ ಮೂಡದೆ ಇರುತ್ತದೆಯೇ? ಆದರೆ ಪುಸ್ತಕದ ಉಪಶೀರ್ಷಿಕೆ 'ಒಂದು ಜೀವಮಾನದ ಸಾಹಸಗಳು' ಅಂತ. ಒಂದು ಜೀವಮಾನ. ಬ್ಯಾಂಡಿನ ಕಥೆಗೆ ಆ ಲೆಕ್ಕ ಸಾಲದು. ಗೆಳೆಯರೆಲ್ಲ ಚದುರಿದ ಮೇಲೆ ಬಿಡ್ಡು 'ಲೋನ್ ಟ್ರೋಜನ್' ಎಂಬ ಹೆಸರಲ್ಲಿ ಒಬ್ಬರೇ ಹಾಡಿದರು. ಒಂಟಿ ಟ್ರೋಜನ್. ಉಳಿದವರು ಇಲ್ಲ ಅನ್ನುವುದನ್ನೇ ಹೆಸರಾಗಿ ಹೊತ್ತ ಆ ವೇಷ ಇಡೀ ಕಥೆಯಲ್ಲಿ ನನಗೆ ತುಂಬ ಕಾಡಿದ್ದು. ಹೋದವರು ಬರೆಯುತ್ತಾರೆ, ಉಳಿದವರು ಆ ಬರಹದೊಳಗೆ ಒಂದು ವಿಶೇಷಣವಾಗಿ ಉಳಿಯುತ್ತಾರೆ.

ಕೆಲವು ಹುಡುಗರ ದನಿಯಾದರೂ ಉಳಿದುಕೊಂಡಿದೆ. ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕೆ ಬ್ಯಾಂಡ್ ಸ್ಪರ್ಧೆ ನಡೆಸಿ 1970, 1971ರಲ್ಲಿ ಒಂದೊಂದು ಎಲ್‌ಪಿ ತಟ್ಟೆ ತಂದರು, ಸಿಮ್ಲಾ ಬೀಟ್ ಅಂತ. ಒರಟು ಗಿಟಾರು, ಅವಸರದ ಡ್ರಮ್ಮು, ಅಲ್ಲಲ್ಲಿ ಸ್ವಂತದ ಹಾಡು. ಈಗ ಅವನ್ನು ಹೊರದೇಶದವರು ಹುಡುಕಿ ಹುಡುಕಿ ಕೇಳುತ್ತಾರೆ. ಅಕಾಡೆಮಿಗಳು ಮಾಡದ ಕೆಲಸ ಸಿಗರೇಟು ಮಾಡಿತು! ಟ್ರೋಜನ್ಸಿನ ಬೆಂಗಳೂರಿನ ದಿನಗಳ ಒಂದು ತುಣುಕು ಹಾಡೂ ನನ್ನ ಕಿವಿಗೆ ಬಿದ್ದಿಲ್ಲ. ಹಾಗಾಗಿ ನಾನು ವಿಮರ್ಶೆ ಮಾಡುತ್ತಿರುವುದು ಕೇಳದ ಸಂಗೀತವನ್ನು. ಮೈಸೂರಿನ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿನ ಜೊತೆ ಹಾಡಿದಾಗ, ಬೆಂಗಳೂರಿನ ಆ ಹುಡುಗರು ಇದನ್ನು ಯಾಕೆ ಮಾಡಲಿಲ್ಲ ಅನ್ನಿಸಿತ್ತು. ಅದು ನ್ಯಾಯವಾದ ಪ್ರಶ್ನೆಯಲ್ಲ. ಹದಿನೇಳು ವರ್ಷದವನಿಗೆ ಬೇಕಾಗಿರುವುದು ಊರಿನ ಸದ್ದಲ್ಲ, ಊರಿನ ಹೊರಗಿನದು.

ನನಗದು ಗೊತ್ತು, ಯಾಕೆಂದರೆ ನಾವೂ ಒಂದು ಬ್ಯಾಂಡ್ ಕಟ್ಟಿದ್ದೆವು. 1988ರ ರಾಯಚೂರು, ನಾಲ್ಕು ಜನ ಹುಡುಗರು, ಹತ್ತಿ ಖಾಲಿಯಾದ ಒಂದು ಗೋದಾಮು. ಒಂದು ಬುಲ್‌ಬುಲ್ ತರಂಗ್, ಮದುವೆ ಬ್ಯಾಂಡಿನವರಿಂದ ಕಡ ತಂದ ಡ್ರಮ್ಮು, ಓಣಿಯಲ್ಲೆಲ್ಲ ಪಟ್ಟಿ ಎತ್ತಿ ಹೈದರಾಬಾದಿನಿಂದ ತರಿಸಿದ ಒಂದು ಗಿಟಾರು. ಗಿಟಾರು ನನ್ನದು, ಅಂದರೆ ನುಡಿಸುವವನು ನಾನು. ಹಿಂದಿನ ವರ್ಷವಷ್ಟೇ 'ಪ್ರೇಮಲೋಕ' ಬಂದಿತ್ತು. ಹಂಸಲೇಖರ ಆ ಕ್ಯಾಸೆಟ್ಟನ್ನು ಪೆನ್ಸಿಲಿನಲ್ಲಿ ಹಿಂದಕ್ಕೆ ಸುತ್ತಿ ಸುತ್ತಿ ಕಲಿತೆವು. ಗಣಪತಿಯ ಪೆಂಡಾಲಿನಲ್ಲಿ 'ಆಪ್ ಜೈಸಾ ಕೋಯಿ' ಬಾರಿಸಿದೆವು. ಅದನ್ನು ಮಾಡಿದವರು ನಮ್ಮ ರಾಜ್ಯದವರೇ ಅಂತ ಆ ಪೆಂಡಾಲಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಲಂಡನ್ನಿನಿಂದ ಬೊಂಬಾಯಿ ಸುತ್ತಿ ನಮ್ಮ ಗೋದಾಮಿಗೆ ಬಂದಿತ್ತು ಹಾಡು.

ಮರುವರ್ಷ ನನಗೆ ಇಲ್ಲಿ ಕೆಲಸ ಸಿಕ್ಕಿತು. ರೈಲು ಹತ್ತಿಸಲು ಬಂದ ಡ್ರಮ್ಮಿನವನು, "ಗಣಪತಿಗೆ ಬರ್ತೀಯಲ್ಲೋ?" ಅಂದ. ಬರ್ತೀನಿ ಅಂದೆ. ಹೋಗಲಿಲ್ಲ. ಅದರ ಮರುವರ್ಷವೂ ಹೋಗಲಿಲ್ಲ. ಇಷ್ಟು ವರ್ಷ ಹೆಂಡತಿ ಮಕ್ಕಳಿಗೆ ನಾನು ಹೇಳಿಕೊಂಡು ಬಂದಿರುವ ಕಥೆ ಒಂದೇ: ನಮ್ಮದೊಂದು ಬ್ಯಾಂಡ್ ಇತ್ತು, ನಾನು ಬಂದುಬಿಟ್ಟೆ, ಮುಗಿದುಹೋಯಿತು.

ಪುಸ್ತಕ ಓದಿ ಮುಗಿಸಿದ ರಾತ್ರಿ ಅವನಿಗೆ ಫೋನ್ ಮಾಡಿದೆ. ಬಿಡ್ಡು ವಿಷಯ ಹೇಳಿದೆ, ಟ್ರೋಜನ್ಸ್ ವಿಷಯ ಹೇಳಿದೆ, ನಮ್ಮ ಬ್ಯಾಂಡು ನಿಂತುಹೋದದ್ದಕ್ಕೆ ನನಗೆ ಈಗಲೂ ಬೇಜಾರಿದೆ ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಿಂತಿತ್ತು ಅಂತ ಯಾರ್ ಹೇಳ್ಯಾರ ನಿನಗ? ನೀ ಹೋದ ಮ್ಯಾಲ ಇನ್ನೂ ನಾಕು ಗಣಪತಿ ಬಾರಿಸೀವಿ. ನಿನ್ನ ಜಾಗಕ್ಕ ಒಂದ್ ಹುಡುಗ ಬಂದಿದ್ದ, ನಿನಗಿಂತ ಚಲೋ ಇದ್ದ. ಗಿಟಾರ್ ಅಂತೂ ನೀ ಒಯ್ದಿದ್ದಿ. ಅಂವ ಎಲ್ಲಾ ಬುಲ್‌ಬುಲ್ ಮ್ಯಾಲೇ ಎತ್ತಿದ."